ಓದುಗರ ಪ್ರಶ್ನೆ, ನಮ್ಮ ಉತ್ತರ: ನೀರಿಗೆ ಲೀಟರು, ಐಸಿಗೆ ತಕ್ಕಡಿ

ಬಿಸಿಲು ಏರುತ್ತಿದ್ದ ಹಾಗೆ ಮೈಸೂರು, ಮಂಡ್ಯದ ಕಡೆಯಿಂದ ಬರುವ ಪತ್ರಗಳಲ್ಲಿ ನೀರು ಮತ್ತು ಐಸಿನ ಲೆಕ್ಕವೇ ಹೆಚ್ಚು. ಒಬ್ಬರು ಲೀಟರಿನಲ್ಲಿ ಕೇಳುತ್ತಾರೆ, ಇನ್ನೊಬ್ಬರು ಕೆ.ಜಿ.ಯಲ್ಲಿ, ಮತ್ತೊಬ್ಬರು ಅಡಿಯಲ್ಲಿ. ಹಾಗಾಗಿ ಈ ಸಲದ ಪುಟವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಅಂಕಿ ಎರಡೇ. ಒಂದು ಲೀಟರ್ ನೀರು ಹೆಚ್ಚುಕಡಿಮೆ 1 ಕೆ.ಜಿ. ತೂಗುತ್ತದೆ. ಒಂದು ಲೀಟರ್ ಜಾಗವನ್ನು ಸಂದಿಲ್ಲದೆ ತುಂಬಿದ ಗಟ್ಟಿ ಐಸು 917 ಗ್ರಾಂ ತೂಗುತ್ತದೆ.

ಪ್ರಶ್ನೆ: ನಮ್ಮ ಬೀದಿಯಲ್ಲಿ ರಾಮನವಮಿಗೆ 200 ಜನಕ್ಕೆ ಪಾನಕ ಹಂಚುತ್ತೇವೆ. 40 ಲೀಟರ್ ಸಾಕು ಎಂದು ಅಂದಾಜು. ಕಳೆದ ವರ್ಷ 40 ಲೀಟರ್ ಮಾಡಿ ಮೇಲೆ ಐಸ್ ಸುರಿದೆವು, ಕೊನೆಯ ಹೊತ್ತಿಗೆ ಪಾನಕ ನೀರು ನೀರಾಯಿತು. ಎಷ್ಟು ಐಸ್ ತರಬೇಕು, ಎಷ್ಟು ನೀರು ಹಾಕಬೇಕು? (ಸರಸ್ವತಿಪುರಂ, ಮೈಸೂರು)

ಉತ್ತರ: ಐಸನ್ನು ಪಾನಕದ ಮೇಲೆ ಹಾಕುವ ಹೆಚ್ಚುವರಿ ಸಾಮಾನು ಎಂದು ಎಣಿಸಿದ್ದೇ ತೊಂದರೆಗೆ ಕಾರಣ. ಒಂದು ಕೆ.ಜಿ. ಐಸ್ ಕರಗಿದರೆ ಕರಾರುವಾಕ್ಕಾಗಿ ಒಂದು ಕೆ.ಜಿ. ನೀರು, ಅಂದರೆ ಒಂದು ಲೀಟರ್ ಆಗುತ್ತದೆ. ಆದ್ದರಿಂದ ಐಸನ್ನು ಮೊದಲಿನಿಂದಲೇ ನೀರಿನ ಲೆಕ್ಕದಲ್ಲಿ ಸೇರಿಸಿಬಿಡಬೇಕು.

ಎಷ್ಟು ಬೇಕು ಎನ್ನುವುದು ಶಾಖದ ಲೆಕ್ಕ. ಒಂದು ಕೆ.ಜಿ. ನೀರನ್ನು ಒಂದು ಡಿಗ್ರಿ ತಣಿಸಲು 1 ಕಿಲೋಕ್ಯಾಲೊರಿ ಶಾಖ ತೆಗೆಯಬೇಕು. ಸೊನ್ನೆ ಡಿಗ್ರಿಯ ಒಂದು ಕೆ.ಜಿ. ಐಸು ಕರಗುವಾಗ 80 ಕಿಲೋಕ್ಯಾಲೊರಿ ನುಂಗುತ್ತದೆ, ಕರಗಿದ ನೀರು 10 ಡಿಗ್ರಿಗೆ ಏರುವಾಗ ಇನ್ನೊಂದು 10. ಒಟ್ಟು 90. ಏಪ್ರಿಲ್ ತಿಂಗಳ ಬೆಳಗ್ಗೆ ನಿಮ್ಮ ನೀರು 28 ಡಿಗ್ರಿ ಇದೆ, ಕುಡಿಯುವಾಗ 10 ಡಿಗ್ರಿ ಇರಬೇಕು ಎಂದಿಟ್ಟುಕೊಳ್ಳಿ. ಪ್ರತಿ ಕೆ.ಜಿ. ನೀರಿನಿಂದ 18 ತೆಗೆಯಬೇಕು. 18ನ್ನು 90ರಿಂದ ಭಾಗಿಸಿದರೆ 0.2. ಅಂದರೆ ಐದು ಪಾಲು ನೀರಿಗೆ ಒಂದು ಪಾಲು ಐಸು, ತೂಕದಲ್ಲಿ.

ಈಗ 40 ಲೀಟರಿಗೆ ಬನ್ನಿ. ಲೀಟರಿಗೆ 100 ಗ್ರಾಂ ಬೆಲ್ಲ ಹಾಕುವುದಾದರೆ 4 ಕೆ.ಜಿ. ಬೆಲ್ಲ. ಕರಗಿದ ಬೆಲ್ಲವೂ ಜಾಗ ಹಿಡಿಯುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಕೆ.ಜಿ.ಗೆ ಸುಮಾರು 620 ಮಿ.ಲೀ.ನಂತೆ ನಾಲ್ಕು ಕೆ.ಜಿ.ಗೆ ಎರಡೂವರೆ ಲೀಟರ್ ಆಯಿತು. ಹಾಗಾಗಿ 31 ಲೀಟರ್ ನೀರು, 4 ಕೆ.ಜಿ. ಬೆಲ್ಲ, ಆರೂವರೆ ಕೆ.ಜಿ. ಐಸು. ಎಲ್ಲ ಕರಗಿದ ಮೇಲೆ 40 ಲೀಟರ್ ಸರಿಯಾಗಿ ಬರುತ್ತದೆ. ಮೆಣಸು, ಏಲಕ್ಕಿ, ಒಣಶುಂಠಿ, ನಿಂಬೆಹಣ್ಣನ್ನು ಮಾತ್ರ 40 ಲೀಟರಿಗೆ ಲೆಕ್ಕ ಹಾಕಿ. ಐಸ್ ಹಾಕುವ ಮುಂಚೆ ರುಚಿ ನೋಡಿದರೆ ಪಾನಕ ಸ್ವಲ್ಪ ಗಾಢವಾಗಿ, ಖಾರವಾಗಿ ಇರಲೇಬೇಕು. ಅದನ್ನು ನೋಡಿ ಯಾರಾದರೂ ಒಂದು ಬಿಂದಿಗೆ ನೀರು ಸುರಿದುಬಿಟ್ಟರೆ ಕಳೆದ ವರ್ಷದ ಕಥೆಯೇ ಮತ್ತೆ.

ತರುವುದು ಆರೂವರೆ ಅಲ್ಲ, 8 ಕೆ.ಜಿ. ತನ್ನಿ. ದಾರಿಯಲ್ಲಿ ಕರಗುವುದು ಒಂದು ಪಾಲು, ಪಾತ್ರೆಯನ್ನೂ ತಣಿಸಬೇಕಾದದ್ದು ಇನ್ನೊಂದು ಪಾಲು. ಐಸಿನ ಜೊತೆ ಚೀಲದಲ್ಲಿ ನಿಂತ ನೀರನ್ನು ಬಸಿದು, ಗಟ್ಟಿಯನ್ನು ಮಾತ್ರ ತೂಗಿ ಹಾಕಿ. ಆ ನೀರಿಗೆ ತಣಿಸುವ ಶಕ್ತಿ ಒಂಬತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಉಳಿದಿರುವುದಿಲ್ಲ, ಪಾನಕವನ್ನು ತೆಳುವಾಗಿಸುವ ಶಕ್ತಿ ಮಾತ್ರ ಪೂರ್ತಿ ಇರುತ್ತದೆ.

ಇನ್ನೊಂದು ಮಾತು, ಇದು ಲೆಕ್ಕಕ್ಕಿಂತ ಮುಖ್ಯ. ಮೀನು, ಹೂವು ಪ್ಯಾಕ್ ಮಾಡಲು ಮಾರುವ ಬ್ಲಾಕ್ ಐಸು ಕುಡಿಯುವ ನೀರಿನಲ್ಲೇ ಮಾಡಿದ್ದು ಎಂಬ ಖಾತರಿ ಇಲ್ಲದಿದ್ದರೆ ಪಾನಕದೊಳಗೆ ಹಾಕಲೇಬೇಡಿ. ದೊಡ್ಡ ಹಂಡೆಯಲ್ಲಿ ಒಡೆದ ಐಸು, ಸ್ವಲ್ಪ ನೀರು ಹಾಕಿ, ಅದರೊಳಗೆ ಪಾನಕದ ಸ್ಟೀಲ್ ಕೊಳಗವನ್ನು ಇಳಿಸಿ ಆಗಾಗ ಕದಡುತ್ತಿರಿ. ಆಗ ಐಸಿನ ನೀರು ಪಾನಕಕ್ಕೆ ಸೇರುವುದಿಲ್ಲ, ಆದ್ದರಿಂದ ಪಾನಕಕ್ಕೆ ಮೂವತ್ತೊಂದರ ಬದಲು 37.5 ಲೀಟರ್ ನೀರು ಹಾಕಬೇಕು. ಐಸು ಮಾತ್ರ ಹೆಚ್ಚು ಹಿಡಿಯುತ್ತದೆ. ಹೊರಗಿನ ಗಾಳಿಯ ಬಿಸಿಯೂ ಅದನ್ನೇ ಕರಗಿಸುವುದರಿಂದ 12ರಿಂದ 15 ಕೆ.ಜಿ. ಇಟ್ಟುಕೊಳ್ಳಿ.

ಪ್ರಶ್ನೆ: ಕಬ್ಬಿನ ಹಾಲಿನ ಅಂಗಡಿ ನಡೆಸುತ್ತೇನೆ. ದಿನಾ ಐಸ್ ಬ್ಲಾಕ್ ತರಿಸುತ್ತೇನೆ. 25 ಕೆ.ಜಿ. ಎಂದು ಕೊಡುತ್ತಾರೆ, ನನ್ನ ತಕ್ಕಡಿಗೆ ಅಷ್ಟು ಭಾರ ಇಡಲಾಗದು. ಟೇಪ್ ಹಿಡಿದು ಅಳೆದು ತೂಕ ಹೇಳಬಹುದೇ? ಹಾಗೆಯೇ ಅದನ್ನು ಒಡೆದರೆ ಎಷ್ಟು ಲೀಟರಿನ ಡಬ್ಬ ಬೇಕು? (ಮಂಡ್ಯ)

ಉತ್ತರ: ಹೇಳಬಹುದು. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಅದನ್ನು 0.917ರಿಂದ ಗುಣಿಸಿದರೆ ಕೆ.ಜಿ. ಉದಾಹರಣೆಗೆ 60, 30, 15 ಸೆಂ.ಮೀ. ಇದ್ದರೆ 27 ಲೀಟರ್, ತೂಕ 24.8 ಕೆ.ಜಿ. ಅಡಿ ಟೇಪೇ ಇರುವುದಾದರೆ ಒಂದು ಘನ ಅಡಿ ಐಸಿಗೆ 26 ಕೆ.ಜಿ. ಎಂದು ಹಿಡಿಯಿರಿ. ಅದೇ ಘನ ಅಡಿ ನೀರಿಗೆ 28.3 ಕೆ.ಜಿ.

ಅಳೆಯುವಾಗ ಎರಡು ಕಡೆ ತಪ್ಪುತ್ತದೆ. ಮೊದಲನೆಯದು, ಬ್ಲಾಕು ಪೆಟ್ಟಿಗೆಯ ಹಾಗೆ ನೇರವಾಗಿರುವುದಿಲ್ಲ. ಗಟ್ಟಿಯಾದ ಐಸು ಸುಲಭವಾಗಿ ಜಾರಿ ಬರಲಿ ಎಂದು ಅಚ್ಚಿನ ಡಬ್ಬವನ್ನು ಒಂದು ತುದಿಗೆ ಸಣ್ಣದಾಗಿ ಮಾಡಿರುತ್ತಾರೆ. ದಪ್ಪ ತುದಿಯನ್ನು ಮಾತ್ರ ಅಳೆದರೆ ತೂಕ ಹೆಚ್ಚು ಬರುತ್ತದೆ, ಸಣ್ಣ ತುದಿಯನ್ನು ಮಾತ್ರ ಅಳೆದರೆ ಕಡಿಮೆ. ನಡುಮಧ್ಯದಲ್ಲಿ ಟೇಪ್ ಸುತ್ತಿ ಅಗಲ, ದಪ್ಪ ತೆಗೆದುಕೊಳ್ಳಿ. ಎರಡನೆಯದು, ನಡುವಿನ ಬಿಳಿ ತಿರುಳು. ಅಚ್ಚು ತಣ್ಣನೆಯ ಉಪ್ಪುನೀರಿನ ತೊಟ್ಟಿಯಲ್ಲಿ ನಿಂತಿರುವುದರಿಂದ ನೀರು ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ನೀರಿನಲ್ಲಿ ಕರಗಿದ್ದ ಗಾಳಿ, ಲವಣ ಎಲ್ಲವೂ ಕೊನೆಗೆ ನಡುವೆ ಸಿಕ್ಕಿಕೊಳ್ಳುತ್ತವೆ. ಆ ತಿರುಳು ಸೂಕ್ಷ್ಮ ಗುಳ್ಳೆಗಳಿಂದ ಹಗುರ. ತಿರುಳು ದಪ್ಪವಾಗಿದ್ದರೆ 0.917ರ ಬದಲು 0.90 ಹಾಕಿಕೊಂಡರೆ ಅನ್ಯಾಯವಾಗದು.

ಕಾರ್ಖಾನೆಯವರು ಅಚ್ಚಿಗೆ 25 ಲೀಟರ್ ನೀರು ತುಂಬಿದರೆ ಸಿಗುವುದು 25 ಕೆ.ಜಿ. ಐಸೇ. ಅದು 27 ಲೀಟರಿಗಿಂತ ಸ್ವಲ್ಪ ಹೆಚ್ಚು ಜಾಗ ಹಿಡಿಯುತ್ತದೆ, ಹಾಗಾಗಿ ಅಚ್ಚನ್ನು ಗಂಟಲವರೆಗೆ ತುಂಬುವುದಿಲ್ಲ. ನಿಮ್ಮ ಅಂಗಡಿಗೆ ಬರುವ ಹೊತ್ತಿಗೆ ಮೂಲೆಗಳು ದುಂಡಗಾಗಿದ್ದರೆ ಒಂದೆರಡು ಕೆ.ಜಿ. ದಾರಿಯಲ್ಲಿ ನೀರಾಗಿದೆ ಎಂದೇ ಅರ್ಥ. ಬಂದ ಕೂಡಲೇ ಅಳೆಯಿರಿ, ಅರ್ಧ ಗಂಟೆ ಬಿಟ್ಟು ಅಳೆದು ಕೊಟ್ಟವರನ್ನು ದೂರುವುದು ಸರಿಯಲ್ಲ.

ಒಡೆದ ಐಸಿನ ಮಾತೇ ಬೇರೆ. ತುಂಡುಗಳ ನಡುವೆ ಗಾಳಿ ಸೇರಿಕೊಳ್ಳುವುದರಿಂದ ಒಂದು ಕೆ.ಜಿ. ಒಡೆದ ಬ್ಲಾಕ್ ಐಸು 1.4ರಿಂದ 1.5 ಲೀಟರ್ ಜಾಗ ಹಿಡಿಯುತ್ತದೆ. ನಿಮ್ಮ 25 ಕೆ.ಜಿ.ಗೆ 35ರಿಂದ 38 ಲೀಟರ್ ಬೇಕು, 40 ಲೀಟರಿನ ಕ್ಯಾನು ಸರಿಹೋಗುತ್ತದೆ. ಹಪ್ಪಳದಂತೆ ತೆಳ್ಳಗಿರುವ ಫ್ಲೇಕ್ ಐಸಾದರೆ ಕೆ.ಜಿ.ಗೆ 2.2 ಲೀಟರ್ ದಾಟುತ್ತದೆ. ಮನೆಯ ಫ್ರಿಜ್ಜಿನ ಕ್ಯೂಬನ್ನು ಒಂದು ಲೀಟರಿನ ಜಗ್ಗಿಗೆ ತುಂಬಿದರೆ ಅರ್ಧ ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ಇರುತ್ತದೆ, ಅಷ್ಟೇ. ಜಗ್ಗು, ಮಗ್ಗು, ಚೊಂಬಿನಲ್ಲಿ ಐಸ್ ಅಳೆಯುವ ಅಭ್ಯಾಸವನ್ನು ದಯವಿಟ್ಟು ಬಿಡಿ. ತುಂಡು ದೊಡ್ಡದೋ ಸಣ್ಣದೋ ಎಂಬುದರ ಮೇಲೆ ಅದೇ ಮಗ್ಗಿನಲ್ಲಿ ಒಂದೂವರೆ ಪಟ್ಟು ವ್ಯತ್ಯಾಸ ಬರುತ್ತದೆ. ಐಸಿಗೆ ತಕ್ಕಡಿಯೇ ಗತಿ.

ನೀವು ಕೇಳದಿದ್ದರೂ ನಿಮ್ಮ ವ್ಯಾಪಾರಕ್ಕೆ ಬೇಕಾದ ಒಂದು ಲೆಕ್ಕ: ಕಬ್ಬಿನ ಹಾಲು ನೀರಿಗಿಂತ ಭಾರ. ಸಕ್ಕರೆಯ ಅಂಶ 18 ಬ್ರಿಕ್ಸ್ (ತೂಕದಲ್ಲಿ ನೂರಕ್ಕೆ 18 ಪಾಲು) ಇದ್ದರೆ ಲೀಟರಿಗೆ ಸುಮಾರು 1.074 ಕೆ.ಜಿ., 20 ಇದ್ದರೆ 1.083. ಆದರೆ ಸಕ್ಕರೆ ಹೆಚ್ಚಿದಷ್ಟೂ ತಣಿಸಲು ಬೇಕಾದ ಶಾಖ ಕಡಿಮೆ, ಆದ್ದರಿಂದ ಎರಡೂ ಸರಿತೂಗಿ ಐಸಿನ ಪ್ರಮಾಣ ನೀರಿಗೆ ಬೇಕಾದಷ್ಟೇ ಹತ್ತಿರ ಹತ್ತಿರ ಇರುತ್ತದೆ. 250 ಮಿ.ಲೀ. ಲೋಟವನ್ನು 28ರಿಂದ 10 ಡಿಗ್ರಿಗೆ ಇಳಿಸಲು 47 ಗ್ರಾಂ ಐಸು ಪೂರ್ತಿ ಕರಗಬೇಕು. 3, 2.5, 2 ಸೆಂ.ಮೀ.ನ ಕ್ಯೂಬು ಸುಮಾರು 14 ಗ್ರಾಂ, ಹಾಗಾಗಿ ಮೂರೂವರೆ ಕ್ಯೂಬು. ಕಬ್ಬನ್ನೇ ಮೊದಲು ಐಸಿನ ಪೆಟ್ಟಿಗೆಯಲ್ಲಿಟ್ಟು ತಣಿಸಿ ಅರೆದರೆ ಒಂದು ಹನಿ ನೀರೂ ಸೇರದೆ ತಣ್ಣನೆಯ ಹಾಲು ಕೊಡಬಹುದು. ಗಿರಾಕಿಗೆ ರುಚಿಯ ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ಪ್ರಶ್ನೆ: ಫ್ರೀಜರಿನಲ್ಲಿ ಇಟ್ಟ ನೀರಿನ ಗಾಜಿನ ಬಾಟಲಿ ಒಡೆಯಿತು. ಒಂದು ಲೀಟರ್ ಬಾಟಲಿಗೆ ಎಷ್ಟು ತುಂಬಬಹುದು? ನೀರು ಐಸಾದಾಗ 9 ಪರ್ಸೆಂಟ್ ಹಿಗ್ಗುತ್ತದೆ ಎಂದು ಒಂದು ಪುಸ್ತಕ, 8.3 ಎಂದು ಇನ್ನೊಂದು ಪುಸ್ತಕ ಹೇಳುತ್ತದೆ. ಯಾವುದು ಸರಿ? (ಕುವೆಂಪುನಗರ, ಮೈಸೂರು)

ಉತ್ತರ: ಎರಡೂ ಸರಿ. ನೂರು ಮಿ.ಲೀ. ನೀರು 109 ಮಿ.ಲೀ. ಐಸಾಗುತ್ತದೆ, ಇದು 9 ಪರ್ಸೆಂಟ್ ಏರಿಕೆ. ಅದೇ 109 ಮಿ.ಲೀ. ಐಸು ಕರಗಿ 100ಕ್ಕೆ ಇಳಿದರೆ, ಇಳಿದ ಒಂಬತ್ತನ್ನು ಈಗ ನೂರರಿಂದಲ್ಲ, 109ರಿಂದ ಭಾಗಿಸಬೇಕು. ಬರುವುದು 8.3. ಹಿಗ್ಗುವಾಗ 1.09ರಿಂದ ಗುಣಿಸಿ, ಕುಗ್ಗುವಾಗ 0.917ರಿಂದ ಗುಣಿಸಿ. ಐಸಿನ ಗಾತ್ರದಿಂದ 9 ಪರ್ಸೆಂಟ್ ಕಳೆಯುವುದು ಪರೀಕ್ಷೆಯಲ್ಲೂ ಅಡುಗೆಮನೆಯಲ್ಲೂ ಕಾಣುವ ತಪ್ಪು.

ಬಾಟಲಿಗೆ ಬಂದರೆ, ಒಂದು ಲೀಟರಿನದಕ್ಕೆ 900 ಮಿ.ಲೀ. ತುಂಬಿದರೆ 981 ಮಿ.ಲೀ. ಆಗುತ್ತದೆ, ಕಾಗದದ ಮೇಲೆ ಸರಿ. ಆದರೆ ನಾವು 850 ಎನ್ನುತ್ತೇವೆ. ಬಾಟಲಿಯ ಕುತ್ತಿಗೆ ಸಣ್ಣದು. ಅಲ್ಲಿಯ ನೀರು ಮೊದಲು ಹೆಪ್ಪುಗಟ್ಟಿ ಬಿರಡೆಯಂತೆ ಕೂತರೆ, ಕೆಳಗಿನ ನೀರಿಗೆ ಮೇಲೆ ಖಾಲಿ ಜಾಗ ಇದ್ದರೂ ದಾರಿ ಇಲ್ಲ, ಪಕ್ಕಕ್ಕೆ ತಳ್ಳುತ್ತದೆ. ಆದ್ದರಿಂದ ನೀರು ಭುಜದ ಕೆಳಗೇ ನಿಲ್ಲಬೇಕು. ಮುಚ್ಚಳ ಸಡಿಲ ಬಿಡಿ. ಗಾಜನ್ನು ಫ್ರೀಜರಿಗೆ ಹಾಕಲೇಬೇಡಿ, ನೀರು ಎಷ್ಟೇ ಕಡಿಮೆ ಇರಲಿ. ಬಾಯಿ ಅಗಲವಾದ ಸ್ಟೀಲ್ ಡಬ್ಬ ಎಲ್ಲಕ್ಕಿಂತ ಒಳ್ಳೆಯದು.

ಪ್ರಶ್ನೆ: ಲೋಟದ ಅಂಚಿನವರೆಗೆ ನೀರಿದೆ, ಮೇಲೆ ಐಸ್ ತೇಲುತ್ತಿದೆ. ಕರಗಿದರೆ ನೀರು ಚೆಲ್ಲುತ್ತದೆಯೇ? (ಪಿಯುಸಿ ವಿದ್ಯಾರ್ಥಿನಿ, ನಂಜನಗೂಡು)

ಉತ್ತರ: ಚೆಲ್ಲುವುದಿಲ್ಲ. 100 ಗ್ರಾಂ ಐಸಿನ ಗಾತ್ರ 109 ಮಿ.ಲೀ. ತೇಲಲು ಅದು ತನ್ನ ತೂಕದಷ್ಟು, ಅಂದರೆ 100 ಗ್ರಾಂ ನೀರನ್ನು ಸರಿಸಬೇಕು. ಹಾಗಾಗಿ 100 ಮಿ.ಲೀ. ಒಳಗೆ, 9 ಮಿ.ಲೀ. ಹೊರಗೆ. ಕರಗಿದಾಗ ಬರುವ ನೀರೂ 100 ಮಿ.ಲೀ., ಅದು ಒಳಗಿದ್ದ ಭಾಗದ ಜಾಗದಲ್ಲೇ ಕೂರುತ್ತದೆ. ನೀರಿನ ಬದಲು ಉಪ್ಪುನೀರು ಇದ್ದರೆ ಉತ್ತರ ಬದಲಾಗುತ್ತದೆ. ಸಾಂದ್ರತೆ 1.025 ಇದ್ದಲ್ಲಿ 97.6 ಮಿ.ಲೀ. ಸರಿಸಿದರೆ ಐಸಿಗೆ ಸಾಕು, ಆದರೆ ಕರಗಿದ ಮೇಲೆ 100 ಮಿ.ಲೀ. ಸೇರುತ್ತದೆ. ಎರಡು ಚಿಲ್ಲರೆ ಮಿ.ಲೀ. ಚೆಲ್ಲುತ್ತದೆ. ಪ್ರಯೋಗ ಮಾಡುವಾಗ ಲೋಟದ ಹೊರಮೈಯಲ್ಲಿ ಗಾಳಿಯ ತೇವ ಹನಿಗಟ್ಟುವುದನ್ನು ಚೆಲ್ಲಿದ ನೀರು ಎಂದುಕೊಳ್ಳಬೇಡಿ.

ಪ್ರಶ್ನೆ: ಒಂದು ಲೀಟರ್ ನೀರು ಒಂದು ಕೆ.ಜಿ. ಎನ್ನುವುದು ಕಾಕತಾಳೀಯವೇ? ಮಕ್ಕಳು ಕೇಳುತ್ತಾರೆ. (ಶಿಕ್ಷಕರು, ಪಾಂಡವಪುರ)

ಉತ್ತರ: ಕಾಕತಾಳೀಯವಲ್ಲ. ನೀರಿನಿಂದಲೇ ಕಿಲೋಗ್ರಾಂ ಹುಟ್ಟಿದ್ದು. ಫ್ರಾನ್ಸಿನಲ್ಲಿ 1795ರ ಕಾನೂನು ಒಂದು ಘನ ಸೆಂಟಿಮೀಟರ್ ನೀರಿನ ತೂಕವನ್ನು, ಐಸು ಕರಗುವ ಉಷ್ಣಾಂಶದಲ್ಲಿ, ಒಂದು ಗ್ರಾಂ ಎಂದು ಕರೆಯಿತು. 1799ರಲ್ಲಿ ಪ್ಲಾಟಿನಮ್ಮಿನ ಕಿಲೋಗ್ರಾಂ ಗಟ್ಟಿಯನ್ನು ಮಾಡುವ ಹೊತ್ತಿಗೆ ನೀರು ಅತಿ ಭಾರವಾಗಿರುವ 4 ಡಿಗ್ರಿಯನ್ನು ಆಧಾರ ಮಾಡಿಕೊಂಡರು. 1901ರಲ್ಲಿ ಲೀಟರನ್ನು ತಿರುಗಿಸಿ, ಒಂದು ಕೆ.ಜಿ. ನೀರಿನ ಗಾತ್ರವೇ ಲೀಟರ್ ಎಂದರು. ಆಮೇಲೆ ನೋಡಿದರೆ ಆ ಲೀಟರು 1000 ಘನ ಸೆಂಟಿಮೀಟರಿಗಿಂತ 0.028 ಘನ ಸೆಂಟಿಮೀಟರಿನಷ್ಟು ದೊಡ್ಡದಾಗಿತ್ತು. 1964ರಲ್ಲಿ ಅದನ್ನು ಕೈಬಿಟ್ಟು ಲೀಟರ್ ಎಂದರೆ ಸರಿಯಾಗಿ 1000 ಘನ ಸೆಂಟಿಮೀಟರ್ ಎಂದು ನಿಶ್ಚಯಿಸಿದರು. 2019ರ ಮೇ 20ರಿಂದ ಕಿಲೋಗ್ರಾಂ ಪ್ಲಾಂಕ್ ಸ್ಥಿರಾಂಕ ಎಂಬ ಭೌತಶಾಸ್ತ್ರದ ಬದಲಾಗದ ಅಂಕಿಯ ಮೇಲೆ ನಿಂತಿದೆ, ನೀರಿನ ನಂಟು ಕಾನೂನಿನಲ್ಲಿ ಉಳಿದಿಲ್ಲ.

ಮಕ್ಕಳಿಗೆ ಹೇಳಬೇಕಾದ ಅಂಕಿಗಳು: ಒಂದು ಲೀಟರ್ ನೀರಿನ ತೂಕ 4 ಡಿಗ್ರಿಯಲ್ಲಿ 1000 ಗ್ರಾಂ, 20ರಲ್ಲಿ 998, 30ರಲ್ಲಿ 996, 60ರಲ್ಲಿ 983, 80ರಲ್ಲಿ 972 ಗ್ರಾಂ. ಅಡುಗೆಗೆ, ತೋಟಕ್ಕೆ, ಔಷಧಿ ಬೆರೆಸಲು ಈ ವ್ಯತ್ಯಾಸ ಗಣನೆಗೆ ಬರುವುದಿಲ್ಲ. ಬಿಸಿನೀರಿನಲ್ಲಿ ಬರುತ್ತದೆ, ಮುಂದಿನ ಪ್ರಶ್ನೆಯೇ ಅದಕ್ಕೆ ಉದಾಹರಣೆ.

ಪ್ರಶ್ನೆ: 15 ಲೀಟರಿನ ಗೀಸರ್ ಹಾಕಿದ ಪ್ರತಿಸಲ ಪಕ್ಕದ ಸಣ್ಣ ವಾಲ್ವಿನಿಂದ ನೀರು ತೊಟ್ಟಿಕ್ಕುತ್ತದೆ. ಕೆಟ್ಟಿದೆಯೇ? (ವಿಜಯನಗರ, ಮೈಸೂರು)

ಉತ್ತರ: ಕೆಟ್ಟಿಲ್ಲ, ಕೆಲಸ ಮಾಡುತ್ತಿದೆ. 25 ಡಿಗ್ರಿಯ ನೀರು 60ಕ್ಕೆ ಬಿಸಿಯಾದಾಗ 1.4 ಪರ್ಸೆಂಟ್ ಹಿಗ್ಗುತ್ತದೆ. 15 ಲೀಟರಿಗೆ ಅದು 200 ಮಿ.ಲೀ.ಗಿಂತ ಸ್ವಲ್ಪ ಹೆಚ್ಚು, ಒಂದು ಲೋಟದಷ್ಟು. 25 ಲೀಟರಿನದಾದರೆ 350. ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವು ಇದ್ದಾಗ ಹಿಗ್ಗಿದ ನೀರಿಗೆ ಇರುವುದು ಅದೊಂದೇ ದಾರಿ. ಅದಕ್ಕೆ ಸಣ್ಣ ಪೈಪ್ ಜೋಡಿಸಿ ಮೋರಿಗೆ ಬಿಡಿ. ಎಂ-ಸೀಲ್ ಮೆತ್ತಿ ಮುಚ್ಚುವುದು ಜೀವಕ್ಕೇ ಅಪಾಯ, ಒತ್ತಡ ಟ್ಯಾಂಕನ್ನೇ ಸೀಳಬಹುದು. ಗೀಸರ್ ಆಫ್ ಆಗಿ ತಣ್ಣಗಾದ ಮೇಲೂ ತೊಟ್ಟಿಕ್ಕುತ್ತಿದ್ದರೆ ಮಾತ್ರ ವಾಲ್ವಿನಲ್ಲಿ ಸುಣ್ಣದ ಕರೆ ಕೂತಿದೆ ಅಥವಾ ಬರುವ ನೀರಿನ ಒತ್ತಡ ಹೆಚ್ಚಿದೆ. ಆಗ ಪ್ಲಂಬರನ್ನು ಕರೆಸಿ.

ಪ್ರಶ್ನೆ: ಹಳೆಯ ಮನೆಯ ತಾರಸಿ ಮೇಲೆ 1000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಇಡಬೇಕು. ಟ್ಯಾಂಕು ಒಬ್ಬನೇ ಎತ್ತುವಷ್ಟು ಹಗುರ ಇದೆ. ಎಲ್ಲಿ ಬೇಕಾದರೂ ಇಡಬಹುದೇ? (ಮಳವಳ್ಳಿ)

ಉತ್ತರ: ಬೇಡ. ಖಾಲಿ ಟ್ಯಾಂಕನ್ನು ನೋಡಿ ಮೋಸ ಹೋಗಬೇಡಿ. 1000 ಲೀಟರ್ ಎಂದರೆ ಒಂದು ಟನ್. ಅಡ್ಡಳತೆ ಒಂದು ಮೀಟರ್ ಇದ್ದರೆ ತಳದ ವಿಸ್ತಾರ 0.785 ಚದರ ಮೀಟರ್, ಹಾಗಾಗಿ ಚದರ ಮೀಟರಿಗೆ 1300 ಕೆ.ಜಿ. ಭಾರ ಬೀಳುತ್ತದೆ. ಜನ ಓಡಾಡುವ ಮನೆಯ ತಾರಸಿಗೆ ಭಾರತೀಯ ಮಾನಕದ ಪ್ರಕಾರ ಲೆಕ್ಕ ಹಾಕುವ ಓಡಾಟದ ಭಾರ ಚದರ ಮೀಟರಿಗೆ ಸುಮಾರು 150 ಕೆ.ಜಿ. ಎಂಟೂವರೆ ಪಟ್ಟು ಹೆಚ್ಚಾಯಿತು. ಸ್ಲ್ಯಾಬಿನ ನಡುವೆ ಇಟ್ಟರೆ ಮೊದಲ ದಿನ ಏನೂ ಆಗದಿರಬಹುದು. ವರ್ಷಗಟ್ಟಲೆ ಹಗಲೂ ರಾತ್ರಿ ಆ ಭಾರ ಹೊತ್ತು ಸ್ಲ್ಯಾಬು ಬಾಗುತ್ತದೆ, ತಳದಲ್ಲಿ ಬಿರುಕು ಬಿಟ್ಟು ತೇವ ಒಳಗಿಳಿದು ಕಬ್ಬಿಣ ತುಕ್ಕು ಹಿಡಿಯುತ್ತದೆ.

ಎರಡು ಗೋಡೆ ಸೇರುವ ಮೂಲೆಯ ಮೇಲೆ, ಇಲ್ಲವೇ ಬೀಮಿನ ಮೇಲೆ ಇಡಿ. ಎತ್ತರ ಬೇಕಿದ್ದರೆ ಗೋಡೆಯಿಂದ ಗೋಡೆಗೆ ಕಬ್ಬಿಣದ ತೊಲೆ ಹಾಕಿ, ಅದರ ಮೇಲೆ ಗಟ್ಟಿ ಹಾಸು ಕೊಟ್ಟು ಟ್ಯಾಂಕ್ ಕೂರಿಸಿ. ನಾಲ್ಕು ಕಡೆ ಇಟ್ಟಿಗೆ ಜೋಡಿಸಿ ಅದರ ಮೇಲೆ ಇಡುವುದನ್ನು ಊರೆಲ್ಲ ನೋಡುತ್ತೇವೆ, ಅದರಲ್ಲಿ ಎರಡು ಕೆಡುಕಿದೆ. ಒಂದು ಟನ್ ಭಾರ ನಾಲ್ಕು ಗೇಣಗಲದ ಜಾಗದಲ್ಲಿ ಇಳಿಯುತ್ತದೆ, ಜೊತೆಗೆ ಪ್ಲಾಸ್ಟಿಕ್ಕಿನ ತಳ ಇಟ್ಟಿಗೆಗಳ ನಡುವೆ ಜೋತು ಅಂಚಿನಲ್ಲಿ ಸೀಳುತ್ತದೆ. ತಳ ಪೂರ್ತಿ, ಸಮವಾಗಿ ಕೂರಬೇಕು. ನಿಮ್ಮದು ಹಳೆಯ ಮದ್ರಾಸ್ ತಾರಸಿಯೋ (ಮರದ ತೊಲೆಯ ಮೇಲೆ ಇಟ್ಟಿಗೆ ಹಾಸಿದ್ದು) ಜಂತಿಯ ಮನೆಯೋ ಆಗಿದ್ದರೆ ಇಂಜಿನಿಯರಿಗೆ ತೋರಿಸದೆ ಇಡಲೇಬೇಡಿ.

ಇದೇ ಲೆಕ್ಕ ಮಳೆನೀರಿಗೂ ಸಲ್ಲುತ್ತದೆ. ತೂಬು ಕಟ್ಟಿಕೊಂಡು ತಾರಸಿಯಲ್ಲಿ 5 ಸೆಂ.ಮೀ. ನೀರು ನಿಂತರೆ ಚದರ ಮೀಟರಿಗೆ 50 ಕೆ.ಜಿ. ಹತ್ತು ಅಡಿ ಚೌಕದ ಕೋಣೆಯ ಮೇಲೆ 465 ಕೆ.ಜಿ. ಮಳೆಗಾಲಕ್ಕೆ ಮುಂಚೆ ಎಲೆ, ಕಸ ತೆಗೆಯಿರಿ. ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್, ಒಂದು ಕೆ.ಜಿ. 30x40ರ ಸೈಟಿನಷ್ಟು ಚಾವಣಿ ಇದ್ದರೆ 10 ಮಿ.ಮೀ. ಮಳೆಗೆ 1100 ಲೀಟರ್ ಬೀಳುತ್ತದೆ.

ಪ್ರಶ್ನೆ: ಡೇರಿಗೆ ಹಾಲು ಲೀಟರಿನಲ್ಲಿ ಅಳೆದುಕೊಂಡು ಹೋಗುತ್ತೇನೆ, ಅಲ್ಲಿ ಕೆ.ಜಿ. ಬರುತ್ತದೆ. ಎಷ್ಟು ವ್ಯತ್ಯಾಸ? ಬೇಸಿಗೆಯಲ್ಲಿ ಹಾಲು ಒಡೆಯದಂತೆ ಕ್ಯಾನಿಗೆ ಒಂದು ತುಂಡು ಐಸು ಹಾಕಬಹುದೇ? (ಮದ್ದೂರು)

ಉತ್ತರ: ಹಾಲು ನೀರಿಗಿಂತ ಭಾರ, ಲೀಟರಿಗೆ 1.028ರಿಂದ 1.032 ಕೆ.ಜಿ. ಲೆಕ್ಕಕ್ಕೆ 1.03 ಹಿಡಿಯಿರಿ. 10 ಲೀಟರಿಗೆ 10.3 ಕೆ.ಜಿ., 40 ಲೀಟರಿನ ಕ್ಯಾನಿಗೆ 41.2. ಕೆ.ಜಿ.ಯಿಂದ ಲೀಟರಿಗೆ ಬರಬೇಕಾದರೆ 1.03ರಿಂದ ಭಾಗಿಸಬೇಕು. ನೊರೆ ಇರುವಾಗ ಅಳೆಯಬೇಡಿ. ನೊರೆ ಲೀಟರಿನಲ್ಲಿ ಹಾಲಿನಂತೆ ಕಾಣುತ್ತದೆ, ತೂಕದಲ್ಲಿ ಇರುವುದಿಲ್ಲ. ನಿಮ್ಮ ಲೆಕ್ಕಕ್ಕೂ ಡೇರಿಯ ಲೆಕ್ಕಕ್ಕೂ ತಾಳೆಯಾಗದಿದ್ದರೆ ಬಹಳ ಸಲ ಅದೇ ಕಾರಣ.

ಐಸನ್ನು ಕ್ಯಾನಿನೊಳಗೆ ಹಾಕುವಂತಿಲ್ಲ. ನಿಮ್ಮ ಉದ್ದೇಶ ಏನೇ ಇರಲಿ, ಕರಗಿದ ಮೇಲೆ ಅದು ನೀರು ಬೆರೆಸಿದ ಹಾಲೇ. 40 ಲೀಟರಿಗೆ ಒಂದು ಕೆ.ಜಿ. ಐಸು ಸೇರಿದರೆ 1.030 ಇದ್ದದ್ದು 1.0293ಕ್ಕೆ ಇಳಿಯುತ್ತದೆ, ಕೊಬ್ಬಿನ ಅಂಶವೂ ನಲವತ್ತರಲ್ಲಿ ಒಂದು ಪಾಲು ಇಳಿಯುತ್ತದೆ. ಲ್ಯಾಕ್ಟೋಮೀಟರಿನಲ್ಲಿ ಒಂದಕ್ಕೂ ಕಡಿಮೆ ಗೆರೆ, ಕಣ್ತಪ್ಪಿ ಹೋಗಬಹುದು, ಆದರೂ ಮಾಡಬಾರದು. ಕ್ಯಾನನ್ನು ತೊಟ್ಟಿಯ ನೀರಿನಲ್ಲಿ ಕುತ್ತಿಗೆಯವರೆಗೆ ಇಳಿಸಿ, ಐಸು ಇದ್ದರೆ ಆ ತೊಟ್ಟಿಗೆ ಹಾಕಿ, ಹಾಲನ್ನು ಶುದ್ಧವಾದ ಸ್ಟೀಲ್ ಸೌಟಿನಿಂದ ಕದಡಿ. ಬಾವಿಯ ನೀರು ತಣ್ಣಗಿದ್ದರೆ ಐಸಿಲ್ಲದೆಯೂ ಬಹಳ ಶಾಖ ಇಳಿಯುತ್ತದೆ.

ಪ್ರಶ್ನೆ: ಕನ್ನಂಬಾಡಿಯಲ್ಲಿ (ಕೆಆರ್‌ಎಸ್) ಇಷ್ಟು ಟಿಎಂಸಿ ನೀರು ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಲೀಟರಿನಲ್ಲಿ, ಟನ್ನಿನಲ್ಲಿ ಎಷ್ಟು? (ಶ್ರೀರಂಗಪಟ್ಟಣ)

ಉತ್ತರ: ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಘನ ಅಡಿಗೆ 28.317 ಲೀಟರಿನಂತೆ 2,832 ಕೋಟಿ ಲೀಟರ್, ತೂಕದಲ್ಲಿ ಸುಮಾರು 2.83 ಕೋಟಿ ಟನ್. ಕೆಆರ್‌ಎಸ್ ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಆಗ ಸಂಗ್ರಹ 49.452 ಟಿಎಂಸಿ. ಅಂದರೆ 1.4 ಲಕ್ಷ ಕೋಟಿ ಲೀಟರ್, 140 ಕೋಟಿ ಟನ್. ಹೊರಹರಿವಿನ ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್, ಎರಡು ಬಿಂದಿಗೆಗೆ ಸ್ವಲ್ಪ ಕಡಿಮೆ. ದಿನಪೂರ್ತಿ ಹರಿದರೆ 24.5 ಲಕ್ಷ ಲೀಟರ್. ಒಂದು ಟಿಎಂಸಿ ಒಂದು ದಿನದಲ್ಲಿ ಹೋಗಬೇಕಾದರೆ 11,574 ಕ್ಯುಸೆಕ್ ಬಿಡಬೇಕು.

ಲೀಟರಿಗೆ ಒಂದು ಕೆ.ಜಿ. ಎಂದು ಹಿಡಿದದ್ದರ ತಪ್ಪು ಇಲ್ಲಿ ಎಷ್ಟಾಯಿತು ನೋಡಿ. 27 ಡಿಗ್ರಿಯ ನೀರು ಲೀಟರಿಗೆ 996.5 ಗ್ರಾಂ. ಬಿಂದಿಗೆಯಲ್ಲಿ ಆ ವ್ಯತ್ಯಾಸ ಕಾಣಿಸುವುದೇ ಇಲ್ಲ, ತುಂಬಿದ ಕನ್ನಂಬಾಡಿಯಲ್ಲಿ ಅದು ಸುಮಾರು 50 ಲಕ್ಷ ಟನ್.

ಪ್ರಶ್ನೆ: ಮನೆಯಲ್ಲಿ ಅಜ್ಜಿಯ ಕಾಲದ ಹಿತ್ತಾಳೆ ಸೇರು, ಪಾವು ಇವೆ. ಅವರ ಅಡುಗೆಯ ಅಳತೆ ಎಲ್ಲ ಅದರಲ್ಲೇ. ಲೀಟರಿಗೆ ಹೇಗೆ ತರುವುದು? (ಮೇಲುಕೋಟೆ)

ಉತ್ತರ: ತೂಕದ ಸೇರು ಎಂದರೆ 80 ತೊಲ, 933 ಗ್ರಾಂ. ನಿಮ್ಮಲ್ಲಿ ಇರುವುದು ಅಳತೆಯ ಸೇರು, ಅದು ಊರಿಂದ ಊರಿಗೆ, ಕಂಚುಗಾರನಿಂದ ಕಂಚುಗಾರನಿಗೆ ಬದಲಾಗುತ್ತಿತ್ತು. ಆದ್ದರಿಂದ ಯಾವ ಪಟ್ಟಿಯನ್ನೂ ನಂಬದೆ ನಿಮ್ಮ ಪಾತ್ರೆಯನ್ನೇ ಕೇಳಬೇಕು, ಅದಕ್ಕೆ ನೀರಿಗಿಂತ ಒಳ್ಳೆಯ ಅಳತೆಗೋಲು ಇಲ್ಲ.

ಒಣಗಿದ ಸೇರನ್ನು ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಕೋಣೆಯ ಉಷ್ಣಾಂಶಕ್ಕೆ ಬಂದ ನೀರನ್ನು ತುಂಬಿ. ಅಂಚು ತಲುಪುತ್ತಿದ್ದಂತೆ ನಿಧಾನಿಸಿ. ನೀರು ಅಂಚಿನ ಮೇಲೂ ಉಬ್ಬಿ ನಿಲ್ಲುತ್ತದೆ. 15 ಸೆಂ.ಮೀ. ಬಾಯಿಯ ಪಾತ್ರೆಯಲ್ಲಿ ಆ ಉಬ್ಬು 3 ಮಿ.ಮೀ. ಆದರೂ 50 ಮಿ.ಲೀ. ಹೆಚ್ಚಾಗಿಬಿಡುತ್ತದೆ. ಚಪ್ಪಟೆ ಗಾಜಿನ ತುಂಡನ್ನು ಬಾಯಿಯ ಮೇಲೆ ಜಾರಿಸಿ ಹೆಚ್ಚಿನ ನೀರನ್ನು ಕೆಡವಿ, ಹೊರಮೈ ಮತ್ತು ತಕ್ಕಡಿ ಒರೆಸಿ, ಗಾಜು ತೆಗೆದು ತೂಕ ಓದಿ. ಕೆ.ಜಿ.ಗೆ 4 ಗ್ರಾಂ ಸೇರಿಸಿದರೆ ಅದೇ ಮಿ.ಲೀ. ಆ ನಾಲ್ಕರಲ್ಲಿ ಸುಮಾರು ಮೂರು ನೀರಿನ ಬಿಸಿಯದು, ಉಳಿದದ್ದು ಗಾಳಿ ನೀರನ್ನು ಸ್ವಲ್ಪ ಎತ್ತಿಹಿಡಿಯುವುದರಿಂದ ಬಂದದ್ದು. ಮೂರು ಸಲ ತೂಗಿ ನಡುವಿನ ಅಂಕಿಯನ್ನು ಇಟ್ಟುಕೊಳ್ಳಿ.

ಪಾವಿಗೂ ಹೀಗೆಯೇ ಮಾಡಿ. ನಾಲ್ಕು ಪಾವು ಸರಿಯಾಗಿ ಒಂದು ಸೇರು ಆಗದಿದ್ದರೆ ಗಾಬರಿ ಬೇಡ, ಎರಡು ಪಾತ್ರೆ ಒಬ್ಬರೇ ಮಾಡಿದ್ದು ಆಗಿರಲಿಕ್ಕಿಲ್ಲ. ಅಕ್ಕಿ, ರಾಗಿಗೆ ಮಾತ್ರ ಈ ಮಿ.ಲೀ. ಅನ್ನು ಗ್ರಾಂ ಎಂದು ಓದಬೇಡಿ. ಅಕ್ಕಿ ಲೀಟರಿಗೆ 800 ಗ್ರಾಂ ಆಸುಪಾಸು ಇರುತ್ತದೆ, ಅಜ್ಜಿ ಗೋಪುರ ಬರುವಂತೆ ತುಂಬುತ್ತಿದ್ದರೋ ಅಂಚಿಗೆ ಸಮ ಮಾಡುತ್ತಿದ್ದರೋ ಎಂಬುದೂ ಸೇರುತ್ತದೆ. ಅವರ ಕೈಯಡುಗೆ ಬಲ್ಲವರು ಮನೆಯಲ್ಲಿ ಇದ್ದರೆ ಒಮ್ಮೆ ಅವರಿಂದಲೇ ತುಂಬಿಸಿ, ಆ ಅಕ್ಕಿಯನ್ನು ತೂಗಿ, ಎರಡೂ ಅಂಕಿಯನ್ನು ಚೀಟಿಯಲ್ಲಿ ಬರೆದು ಸೇರಿನೊಳಗೇ ಹಾಕಿಡಿ.